ಅಂಗ್ಕೋರ್ ಮತ್ತು ಇತರ ಖ್ಮೇರ್ ದೇಗುಲಗಳು: ನಿಮ್ಮ ಪ್ರವಾಸಕ್ಕೆ ಸರಿಯಾದ ತಿಂಗಳು ಆರಿಸುವ ಸಮಗ್ರ ಮಾರ್ಗದರ್ಶಿ

ಕಾಂಬೋಡಿಯದ ಅಂಗ್ಕೋರ್‌ಗೆ, ಅಂದರೆ ಖ್ಮೇರ್ ಅರಸರ ಹಳೆಯ ರಾಜಧಾನಿಯ ದೇಗುಲಗಳಿಗೆ, ಯಾವಾಗ ಹೋಗಬೇಕು ಎಂದು ಕೇಳಿದರೆ ಎಲ್ಲರೂ ನವೆಂಬರ್‌ನಿಂದ ಫೆಬ್ರವರಿ ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ. ಆ ನಾಲ್ಕು ತಿಂಗಳು ಒಂದೇ ಥರ ಇರುವುದಿಲ್ಲ. ನವೆಂಬರ್ ಕೊನೆಯಲ್ಲಿ ಕಂದಕ, ಕೆರೆ, ಗದ್ದೆ ಎಲ್ಲ ತುಂಬಿ ಹಸಿರಾಗಿರುತ್ತವೆ; ಫೆಬ್ರವರಿ ಕೊನೆಗೆ ಅದೇ ನೆಲ ಕೆಂಧೂಳಾಗಿರುತ್ತದೆ. ನಮ್ಮವರಿಗೆ ಇನ್ನೊಂದು ತೊಡಕಿದೆ. ಮಕ್ಕಳ ಬೇಸಿಗೆ ರಜೆ ಅಲ್ಲಿನ ಅತಿ ಬಿಸಿಲಿನ ತಿಂಗಳಿಗೆ ಬೀಳುತ್ತದೆ, ದಸರಾ ರಜೆ ಅತಿ ಮಳೆಯ ತಿಂಗಳಿಗೆ, ಕ್ರಿಸ್‌ಮಸ್ ರಜೆ ಅತಿ ಜನಜಂಗುಳಿಯ ವಾರಕ್ಕೆ. ಹಾಗಾಗಿ ‘ಒಳ್ಳೆಯ ತಿಂಗಳು ಯಾವುದು’ ಎಂದು ಕೇಳುವ ಮೊದಲು ‘ನಾನು ಏನನ್ನು ನೋಡಬೇಕು, ಏನನ್ನು ತಡೆದುಕೊಳ್ಳಬಲ್ಲೆ’ ಎಂದು ಕೇಳಿಕೊಳ್ಳಬೇಕು.

ಮೊದಲು ಅಲ್ಲಿನ ಹವೆ ಅರ್ಥಮಾಡಿಕೊಳ್ಳಿ

ಅಂಗ್ಕೋರ್ ಇರುವುದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೆಚ್ಚುಕಡಿಮೆ ಉಡುಪಿ, ತುಮಕೂರುಗಳ ನೇರಕ್ಕೆ. ಸೂರ್ಯನ ದಾರಿ, ಹಗಲಿನ ಉದ್ದ ಎಲ್ಲ ನಮಗೆ ಪರಿಚಿತವೇ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಬರುವ ನೆರಳಿಲ್ಲದ ದಿನ ಅಲ್ಲಿಯೂ ಅದೇ ವಾರ ಬರುತ್ತದೆ.

ಆದರೆ ಮಳೆಯ ವಿಷಯದಲ್ಲಿ ಅಂಗ್ಕೋರ್‌ನ ಪಕ್ಕದ ಸಿಯೆಮ್ ರೀಪ್ ಪಟ್ಟಣ ಉಡುಪಿಯಂತಲ್ಲ, ಬೆಂಗಳೂರಿನಂತೆ. ನೈಋತ್ಯದ ಮಳೆಗಾಳಿಗೆ ಕಾಂಬೋಡಿಯದ ಕಾರ್ಡಮಮ್ ಬೆಟ್ಟಸಾಲು ಅಡ್ಡ ನಿಂತಿದೆ, ನಮಗೆ ಪಶ್ಚಿಮ ಘಟ್ಟ ನಿಂತ ಹಾಗೆ. ಅದರ ಮರೆಯಲ್ಲಿರುವ ಸಿಯೆಮ್ ರೀಪ್‌ಗೆ ಮೇ ತಿಂಗಳಲ್ಲಿ ಮಳೆ ಶುರುವಾದರೂ ಜುಲೈ, ಆಗಸ್ಟ್‌ನಲ್ಲಿ ಆಗಾಗ ಬಿಡುವು ಸಿಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಳೆಪಟ್ಟಿ ದಕ್ಷಿಣಕ್ಕೆ ಸರಿದು, ದಕ್ಷಿಣ ಚೀನಾ ಸಮುದ್ರದ ಚಂಡಮಾರುತಗಳ ಬಾಲವೂ ವಿಯೆಟ್ನಾಂ ದಾಟಿ ಬಂದು ಸೇರಿದಾಗ ಮಳೆ ತನ್ನ ಗರಿಷ್ಠ ಮುಟ್ಟುತ್ತದೆ. ‘ಅಕ್ಟೋಬರ್ ಬಂತಲ್ಲ, ಮಳೆ ಮುಗಿಯಿತು’ ಎಂಬ ಕರಾವಳಿ, ಮಲೆನಾಡಿನ ಲೆಕ್ಕ ಇಲ್ಲಿ ಕೈಕೊಡುತ್ತದೆ. ವರ್ಷದ ಒಟ್ಟು ಮಳೆ ಮಾತ್ರ ಹೆಚ್ಚೇನಲ್ಲ, ಸುಮಾರು 1,400 ಮಿ.ಮೀ. ಉಡುಪಿಯಲ್ಲಿ ಸುರಿಯುವುದರ ಅರ್ಧಕ್ಕಿಂತ ಕಡಿಮೆ. ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಜೋರಾಗಿ ಬಂದು ನಿಲ್ಲುವಂಥದ್ದು.

ಬಿಸಿಲು ಮಾರ್ಚ್‌ನಲ್ಲಿ ಏರತೊಡಗಿ ಏಪ್ರಿಲ್‌ನಲ್ಲಿ 40 ಡಿಗ್ರಿಯ ಹತ್ತಿರ ಹೋಗುವುದುಂಟು. ಊರು ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರದಲ್ಲಿಲ್ಲವಾದ್ದರಿಂದ ರಾಯಚೂರಿನ ಬಿಸಿಲಿಗೆ ಮಂಗಳೂರಿನ ಸೆಖೆ ಸೇರಿದ ಹಾಗಿರುತ್ತದೆ. ಡಿಸೆಂಬರ್, ಜನವರಿಯ ಬೆಳಗು 20 ಡಿಗ್ರಿಯ ಆಸುಪಾಸು, ಮಧ್ಯಾಹ್ನ 30. ಚಳಿ ಎನ್ನುವಷ್ಟು ಏನಿಲ್ಲ.

ಹಂತ 1: ನಿಮಗೆ ಬೇಕಾದದ್ದು ನೀರೋ, ಬೆಳಕೋ, ಏಕಾಂತವೋ?

ಖ್ಮೇರ್ ದೇಗುಲಗಳು ನೀರಿನ ಜೊತೆ ಕಟ್ಟಿದ ದೇಗುಲಗಳು. ಅಂಗ್ಕೋರ್ ವಾಟ್‌ನ ಸುತ್ತಲಿನ ಕಂದಕವೇ ಸುಮಾರು 190 ಮೀಟರ್ ಅಗಲ; ಪಶ್ಚಿಮದ ಬಾರಾಯ್ ಎಂಬ ಕೆರೆ ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. ನೀರಿಲ್ಲದ ಕಾಲದಲ್ಲಿ ಹೋದರೆ ಕಟ್ಟಿದವರ ಕಲ್ಪನೆಯ ಅರ್ಧ ಕಾಣುವುದೇ ಇಲ್ಲ. ಕಂದಕ ವರ್ಷವಿಡೀ ತುಂಬಿರುತ್ತದೆ, ನಿಜ. ಆದರೆ ನೀಕ್ ಪೋನ್ ಎಂಬ ದ್ವೀಪದೇಗುಲದ ಕೊಳಗಳು ಬೇಸಿಗೆಯಲ್ಲಿ ತಳ ಕಾಣುತ್ತವೆ. ಕೆರೆಯ ನಡುವಿನ ಆ ದ್ವೀಪಕ್ಕೆ ಮರದ ಕಾಲುಸೇತುವೆಯ ಮೇಲೆ ನಡೆದುಹೋಗುವ ಸೊಗಸು ಸಿಗಬೇಕಾದರೆ ಆಗಸ್ಟ್‌ನಿಂದ ಡಿಸೆಂಬರ್ ಒಳಗೆ ಹೋಗಬೇಕು.

ಕ್ಬಾಲ್ ಸ್ಪಿಯನ್ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಹೊಳೆಯ ಹಾಸುಗಲ್ಲಿನಲ್ಲೇ ಸಾಲುಸಾಲು ಲಿಂಗಗಳನ್ನೂ ಅನಂತಶಯನ ವಿಷ್ಣುವನ್ನೂ ಕಡೆದಿಟ್ಟ ಜಾಗವದು. ಶಿರಸಿ ಬಳಿ ಶಾಲ್ಮಲೆಯ ಸಹಸ್ರಲಿಂಗ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಆದರೆ ಲೆಕ್ಕ ಬೇರೆ. ಸಹಸ್ರಲಿಂಗಕ್ಕೆ ನೀರು ಇಳಿದ ಮೇಲೆ, ಶಿವರಾತ್ರಿಯ ಹೊತ್ತಿಗೆ ಹೋಗುವುದು ವಾಡಿಕೆ. ಕ್ಬಾಲ್ ಸ್ಪಿಯನ್‌ನಲ್ಲಿ ಆ ಹೊತ್ತಿಗೆ ಹೊಳೆ ಸೊರಗಿರುತ್ತದೆ, ಮಾರ್ಚ್, ಏಪ್ರಿಲ್‌ಗೆ ಬರೀ ಒಣಗಲ್ಲು. ತುಂಬು ಮಳೆಯಲ್ಲಿ ಕೆಂಪು ನೀರಿನಡಿ ಏನೂ ಕಾಣದು. ನೀರು ತಿಳಿಯಾಗಿ ಲಿಂಗಗಳ ಮೇಲೆ ತೆಳ್ಳಗೆ ಹರಿಯುವ ಕಾಲವೆಂದರೆ ನವೆಂಬರ್‌ನಿಂದ ಡಿಸೆಂಬರ್. ಕಾಡುದಾರಿಯಲ್ಲಿ ಸುಮಾರು ಒಂದೂವರೆ ಕಿ.ಮೀ. ಏರಬೇಕು. ಮಧ್ಯಾಹ್ನ ಮೂರರ ಮೇಲೆ ಒಳಗೆ ಬಿಡುವುದು ಕಷ್ಟ, ಬೆಳಿಗ್ಗೆಯೇ ಮುಗಿಸಿ.

ಟೋನ್ಲೆ ಸಾಪ್ ಸರೋವರವೂ ಹೀಗೆಯೇ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಸರೋವರದಿಂದ ಅದಕ್ಕೆ ಸೇರುವ ಟೋನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿಯುವುದರಿಂದ ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇರುವ ಸರೋವರ 15,000ದವರೆಗೆ ಹಿಗ್ಗುತ್ತದೆ. ಅಲ್ಲಿನ ಕಾಂಪೊಂಗ್ ಫ್ಲುಕ್ ಹಳ್ಳಿಯ ಕಂಬದ ಮನೆಗಳನ್ನು ದೋಣಿಯಲ್ಲಿ ನೋಡಬೇಕೆಂದರೆ ಆಗಸ್ಟ್ ಕೊನೆಯಿಂದ ಜನವರಿಯೊಳಗೆ ಹೋಗಿ. ಮಾರ್ಚ್‌ನಲ್ಲಿ ಹೋದವರಿಗೆ ಕೆಸರಿನ ಮೇಲೆ ಆರೇಳು ಮೀಟರ್ ಎತ್ತರದ ಕಂಬಗಳಷ್ಟೇ ಸಿಗುತ್ತವೆ.

ಬೆಳಕು ಮುಖ್ಯವಾದವರು ಹೊಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗದ್ದೆಯ ಕೂಳೆ, ಕಾಡಿನ ತರಗು ಸುಡುತ್ತಾರೆ. ಆಕಾಶ ನೀಲಿಯಾಗಿರದೆ ಬೂದುಬಿಳಿಯಾಗುತ್ತದೆ, ಬೆಟ್ಟದ ಮೇಲಿನ ದೇಗುಲಗಳಿಂದ ದೂರದ ನೋಟ ಮಸುಕು. ಅತಿ ಸ್ವಚ್ಛ ಆಕಾಶ ನವೆಂಬರ್ ನಡುವಿನಿಂದ ಜನವರಿವರೆಗೆ. ಅತಿ ನಾಟಕೀಯ ಆಕಾಶ ಜುಲೈನಿಂದ ಅಕ್ಟೋಬರ್‌ವರೆಗೆ, ಮೋಡ ಒಡೆದ ಗಳಿಗೆಯಲ್ಲಿ.

ತಾ ಪ್ರೋಮ್ ದೇಗುಲದ ಬೇರು ಹೊಕ್ಕ ಗೋಡೆಗಳನ್ನು ನೋಡಲು ಮಳೆಗಾಲವೇ ಸರಿ. ಕಲ್ಲಿನ ಮೇಲೆ ಪಾಚಿ ಹಸಿರಾಗಿ, ನೆಂದ ಮರಳುಗಲ್ಲು ಗಾಢ ಬಣ್ಣ ತಳೆದಿರುತ್ತದೆ. ಅಲ್ಲಿನ ಬೃಹತ್ ಮರಗಳಲ್ಲಿ ಹಲವು ಟೆಟ್ರಾಮೆಲಿಸ್ ಜಾತಿಯವು. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಈ ಮರ ಒಣಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಫೆಬ್ರವರಿಯಲ್ಲಿ ಹೋದವರ ಚಿತ್ರಗಳಲ್ಲಿ ಕಾಡು ಕಾಡಿನಂತೆ ಕಾಣದಿರುವುದು ಇದರಿಂದಲೇ.

ಹಂತ 2: ತಿಂಗಳನ್ನು ತೂಗಿ ನೋಡಿ

ಎಲ್ಲವೂ ನಿಮ್ಮ ಕೈಯಲ್ಲಿದ್ದರೆ ನವೆಂಬರ್ 20ರಿಂದ ಡಿಸೆಂಬರ್ 15ರ ನಡುವೆ ಹೋಗಿ. ಮಳೆ ನಿಂತಿರುತ್ತದೆ, ನೀರು ಇಂಗಿರುವುದಿಲ್ಲ, ಗದ್ದೆಗಳು ಹಣ್ಣಾಗಿ ಹೊನ್ನಬಣ್ಣಕ್ಕೆ ತಿರುಗುತ್ತಿರುತ್ತವೆ, ಕ್ರಿಸ್‌ಮಸ್ ಜನಸಾಗರ ಇನ್ನೂ ಬಂದಿರುವುದಿಲ್ಲ. ಡಿಸೆಂಬರ್ 20ರಿಂದ ಜನವರಿ 5ರವರೆಗೆ, ಆಮೇಲೆ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಚೀನೀ ಹೊಸವರ್ಷದ ವಾರ, ಇವೆರಡನ್ನು ಬಿಡಿ. ನಡುವಿನ ಜನವರಿ ಚೆನ್ನಾಗಿರುತ್ತದೆ, ಹೋಟೆಲ್ ದರ ಮಾತ್ರ ಮೇಲಿರುತ್ತದೆ.

ಎರಡನೆಯ ಆಯ್ಕೆ, ಹೆಚ್ಚಿನವರು ಗಮನಿಸದೇ ಬಿಡುವಂಥದ್ದು, ಜುಲೈನಿಂದ ಆಗಸ್ಟ್ ನಡುವಿನವರೆಗೆ. ಬೆಳಗು ಬಹುತೇಕ ಒಣಗಿರುತ್ತದೆ, ಎಲ್ಲೆಡೆ ಹಸಿರು, ಕೋಣೆಗಳು ಅಗ್ಗ, ಪ್ರೀಹ್ ಖಾನ್ ದೇಗುಲದ ಉದ್ದ ಮೊಗಸಾಲೆಗಳಲ್ಲಿ ನಿಮ್ಮ ಹೆಜ್ಜೆ ಸಪ್ಪಳವೇ ನಿಮಗೆ ಕೇಳಿಸುವಷ್ಟು ನಿಶ್ಶಬ್ದ. ಮಳೆಯಲ್ಲಿ ನೆನೆಯಲು ಅಂಜದವರಿಗೆ ಇದನ್ನೇ ನಾವು ಮೊದಲು ಸೂಚಿಸುತ್ತೇವೆ.

ದಸರಾ ರಜೆಯೇ ಗತಿ ಎನ್ನುವವರು ಹೋಗಬಾರದೆಂದಿಲ್ಲ, ಆದರೆ ಯೋಜನೆಯಲ್ಲಿ ಸಡಿಲು ಇಟ್ಟುಕೊಳ್ಳಬೇಕು. ಮೂರು ದಿನದ ಕೆಲಸಕ್ಕೆ ಐದು ದಿನ ಇಡಿ. ಈ ಕಾಲದಲ್ಲಿ ಪ್ರವಾಹ ಬರೀ ಮಾತಲ್ಲ: 2011ರ ಸೆಪ್ಟೆಂಬರ್‌ನಲ್ಲಿ ರಸ್ತೆ ಮುಳುಗಿ ಬಂತೆಯ್ ಸ್ರೈ ದೇಗುಲದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಹೊರತರಬೇಕಾಯಿತು. ಊರಿಂದ ದೂರದ ದೇಗುಲಗಳನ್ನು ಮೊದಲ ದಿನಗಳಲ್ಲೇ, ಆಕಾಶ ತಿಳಿಯಿದ್ದ ಬೆಳಿಗ್ಗೆ ಮುಗಿಸಿಕೊಳ್ಳಿ. ಅಂಗ್ಕೋರ್ ವಾಟ್, ಬಾಯೊನ್ ಹತ್ತಿರದಲ್ಲಿವೆ, ಯಾವಾಗ ಬೇಕಾದರೂ ಆದೀತು.

ಏಪ್ರಿಲ್‌ನಲ್ಲಿ ಅರವತ್ತು ದಾಟಿದವರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯಬೇಡಿ. ಹೊರಾಂಗಣದ ಮರಳುಗಲ್ಲು, ಜಂಬಿಟ್ಟಿಗೆ ಕಲ್ಲು ಹತ್ತು ಗಂಟೆಗೇ ಕಾದು, ಮೇಲಿನ ಬಿಸಿಲಿನ ಜೊತೆ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಅಂಗ್ಕೋರ್ ವಾಟ್‌ನ ಪಶ್ಚಿಮದ ಕಲ್ಲುದಾರಿಯಲ್ಲಿ ನೆರಳಿನ ಸುಳಿವೇ ಇಲ್ಲ. ಮೇ ತಿಂಗಳು ಬಿಸಿಲಿನ ಜೊತೆ ಗುಡುಗನ್ನೂ ತರುತ್ತದೆ. 2025ರ ಮೇ ತಿಂಗಳಲ್ಲಿ ಅಂಗ್ಕೋರ್ ವಾಟ್ ಆವರಣದಲ್ಲೇ ಸಿಡಿಲು ಬಡಿದು ಮೂವರು ಸತ್ತರು. ಮೋಡ ಕಪ್ಪಾದದ್ದು ಕಂಡ ಕೂಡಲೇ ಬಾಖೆಂಗ್ ಬೆಟ್ಟ, ಪ್ರೆ ರುಪ್ ದೇಗುಲದಂಥ ಬಯಲು ನೆತ್ತಿಗಳಿಂದ ಇಳಿದುಬಿಡಿ. ಒಂಟಿ ಮರದಡಿ ನಿಲ್ಲಬೇಡಿ.

ಹಂತ 3: ಪಂಚಾಂಗ ತೆರೆದು ನೋಡಿ

ಇಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಖ್ಮೇರ್ ತಿಂಗಳ ಹೆಸರುಗಳು ಸಂಸ್ಕೃತ ಮೂಲದವೇ, ಅವರ ದೊಡ್ಡ ಹಬ್ಬಗಳು ನಮ್ಮ ಪಂಚಾಂಗದಲ್ಲೇ ಸಿಗುತ್ತವೆ.

ಖ್ಮೇರ್ ಹೊಸವರ್ಷ ಏಪ್ರಿಲ್ 13 ಅಥವಾ 14ರಿಂದ ಮೂರು ದಿನ. ತುಳುನಾಡಿನ ಬಿಸು, ಸೌರಮಾನ ಯುಗಾದಿಯ ಹೊತ್ತಿಗೇ ಅದು. ಅಂಗಡಿ ಮುಚ್ಚಿರುತ್ತವೆ, ಗಾಡಿ ಸಿಗುವುದು ಕಷ್ಟ, ದೇಗುಲಗಳ ತುಂಬ ಸ್ಥಳೀಯರೇ. ಹಬ್ಬ ನೋಡಬೇಕೆಂದೇ ಹೋಗುವುದಾದರೆ ಸಂತೋಷ, ಶಿಲ್ಪ ನೋಡಲು ಅದು ಸಮಯವಲ್ಲ. ಪಿತೃಗಳಿಗೆ ಅನ್ನವಿಡುವ ಪ್ಚುಮ್ ಬೆನ್ ನಮ್ಮ ಪಿತೃಪಕ್ಷದ ಜೊತೆಗೇ ಬರುತ್ತದೆ: ಭಾದ್ರಪದದ ಕೃಷ್ಣಪಕ್ಷ, ಕೊನೆಗೆ ಅಮಾವಾಸ್ಯೆ. ಆ ಕೊನೆಯ ಮೂರು ದಿನ ಊರಿಗೆ ಹೋಗುವವರಿಂದ ಬಸ್ಸುಗಳೆಲ್ಲ ಭರ್ತಿ. ನೀರಹಬ್ಬ ಬೊನ್ ಓಮ್ ಟುಕ್ ಬರುವುದು ಕಾರ್ತಿಕ ಹುಣ್ಣಿಮೆಯ ಸುಮಾರಿಗೆ. ಅಧಿಕಮಾಸವನ್ನು ಎರಡು ಪಂಚಾಂಗಗಳು ಒಂದೇ ಕಡೆ ಸೇರಿಸುವುದಿಲ್ಲವಾದ್ದರಿಂದ ಕೆಲ ವರ್ಷ ಹಬ್ಬ ತಿಂಗಳು ಹಿಂದುಮುಂದಾಗುತ್ತದೆ. ಟಿಕೆಟ್ ಕಾಯ್ದಿರಿಸುವ ಮುನ್ನ ಆ ವರ್ಷದ ಕಾಂಬೋಡಿಯ ರಜಾಪಟ್ಟಿ ನೋಡಿಕೊಳ್ಳಿ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಅಂಗ್ಕೋರ್ ವಾಟ್‌ನ ನಡುಗೋಪುರವಿರುವ ಮೇಲಿನ ಅಂತಸ್ತಿಗೆ ಬಕಾನ್ ಎನ್ನುತ್ತಾರೆ. ಬೌದ್ಧರ ಪವಿತ್ರ ದಿನಗಳಲ್ಲಿ ಅದನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ. ಆ ದಿನಗಳು ತಿಂಗಳಿಗೆ ನಾಲ್ಕು: ಎರಡು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ. ಒಂದು ದಿನ ಆಚೀಚೆ ಆಗಬಹುದು. ಒಂದೇ ದಿನದ ಪ್ರವೇಶ ಪಾಸ್ ತೆಗೆದುಕೊಂಡು ಅದೇ ದಿನ ಹುಣ್ಣಿಮೆಯಾದರೆ ಮೆಟ್ಟಿಲ ಬುಡದಿಂದಲೇ ವಾಪಸ್. ಬಕಾನ್‌ಗೆ 12 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ಹೆಗಲ ಮೇಲೆ ಶಾಲು ಹೊದ್ದರೆ ಸಾಲದು, ತೋಳಿರುವ ಅಂಗಿಯೇ ಬೇಕು.

ಹಂತ 4: ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ಲೆಕ್ಕ ಹಾಕಿ

ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖಮಾಡಿದೆ. ಸೂರ್ಯೋದಯ ಅದರ ಬೆನ್ನ ಹಿಂದೆ. ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸಿನ ಕೆಲ ದಿನ, ಪಶ್ಚಿಮದ ಕಲ್ಲುದಾರಿಯಲ್ಲಿ ನಿಂತರೆ ಸೂರ್ಯ ನಡುಗೋಪುರದ ತುದಿಯಲ್ಲೇ ಏಳುತ್ತಾನೆ. ಸೆಪ್ಟೆಂಬರ್‌ನಲ್ಲಿ ಮೋಡ ಅಡ್ಡಬರುವ ಸಂಭವ ಹೆಚ್ಚು, ಹಾಗಾಗಿ ಇದಕ್ಕೆಂದೇ ಹೋಗುವವರು ಮಾರ್ಚ್ ಆರಿಸಿ, ಎರಡು ಮೂರು ಬೆಳಗು ಕೈಯಲ್ಲಿಟ್ಟುಕೊಳ್ಳಿ.

ಉಳಿದ ತಿಂಗಳಲ್ಲಿ ಜನರೆಲ್ಲ ಮುಗಿಬೀಳುವುದು ಎಡಗಡೆಯ, ಅಂದರೆ ಉತ್ತರದ ಕೊಳಕ್ಕೆ. ಡಿಸೆಂಬರ್, ಜನವರಿಯಲ್ಲಿ ಅದು ಸರಿ, ಏಕೆಂದರೆ ಸೂರ್ಯ ಆಗ್ನೇಯಕ್ಕೆ ಸರಿದಿರುತ್ತಾನೆ, ಆ ಕೊಳದ ದಡದಿಂದ ಗೋಪುರಗಳ ಹತ್ತಿರವೇ ಏಳುತ್ತಾನೆ. ಜೂನ್, ಜುಲೈನಲ್ಲಿ ಅದೇ ಜಾಗದಲ್ಲಿ ನಿಂತರೆ ಸೂರ್ಯ ಎಡಕ್ಕೆ ಬಹುದೂರ, ಮರಗಳ ಹಿಂದೆ. ಆಗ ದಕ್ಷಿಣದ ಕೊಳಕ್ಕೆ ಹೋಗಿ. ಜನವೂ ಕಡಿಮೆ. ಒಣಗಾಲದ ಕೊನೆಯಲ್ಲಿ ಮಾತ್ರ ದಕ್ಷಿಣದ ಕೊಳದಲ್ಲಿ ನೀರು ಸಾಲದೇ ಪ್ರತಿಬಿಂಬ ಸಿಗದು.

ಸೂರ್ಯೋದಯ ಜೂನ್‌ನಲ್ಲಿ 5.35ರ ಸುಮಾರಿಗೆ, ಜನವರಿಯಲ್ಲಿ 6.25ರ ಸುಮಾರಿಗೆ. ಅಂಗ್ಕೋರ್ ವಾಟ್ ಬಾಗಿಲು ತೆರೆಯುವುದು ಬೆಳಿಗ್ಗೆ 5ಕ್ಕೆ. ಅಂದರೆ ಜನವರಿಯಲ್ಲಿ ಕೊಳದ ಬಳಿ ಜಾಗ ಹಿಡಿಯಲು ಒಂದು ಗಂಟೆಗೂ ಹೆಚ್ಚು ಸಮಯವಿದೆ, ಜೂನ್‌ನಲ್ಲಿ ಅರ್ಧ ಗಂಟೆಯಷ್ಟೇ.

ಶಿಲ್ಪಪಟ್ಟಿಗಳಿಗೂ ಹೊತ್ತು ನೋಡಬೇಕು. ಕುರುಕ್ಷೇತ್ರ ಮತ್ತು ಲಂಕೆಯ ಯುದ್ಧ ಇರುವುದು ಪಶ್ಚಿಮದ ಮೊಗಸಾಲೆಯಲ್ಲಿ, ಕ್ರಮವಾಗಿ ದಕ್ಷಿಣ ಮತ್ತು ಉತ್ತರ ಭಾಗಕ್ಕೆ. ಒಣಗಾಲದ ಸಂಜೆ ನಾಲ್ಕರ ಮೇಲೆ ಇಳಿಬಿಸಿಲು ಕಂಬಗಳ ನಡುವಿನಿಂದ ಓರೆಯಾಗಿ ಬಿದ್ದಾಗ ರಥದ ಗಾಲಿ, ಕುದುರೆಯ ಗೊರಸು ಒಂದೊಂದೂ ಎದ್ದುಬರುತ್ತವೆ. ಸುಮಾರು 49 ಮೀಟರ್ ಉದ್ದದ ಸಮುದ್ರಮಥನ ಪೂರ್ವದ ಮೊಗಸಾಲೆಯ ದಕ್ಷಿಣ ಭಾಗದಲ್ಲಿದೆ, ಅದಕ್ಕೆ ಬೆಳಿಗ್ಗೆ ಏಳರಿಂದ ಒಂಬತ್ತು. ಸೂರ್ಯೋದಯ ನೋಡಿದವರೆಲ್ಲ ತಿಂಡಿಗೆ ಹೊರಟಾಗ ನೀವು ನೇರ ಅಲ್ಲಿಗೆ ನಡೆದರೆ ಅಷ್ಟುದ್ದಕ್ಕೂ ಒಬ್ಬರೇ ಇರಬಹುದು. ಪೂರ್ವಮುಖಿಯಾದ ಬಂತೆಯ್ ಸ್ರೈ 967ರಲ್ಲಿ ಪ್ರತಿಷ್ಠಾಪನೆಯಾದದ್ದು. ಅದರ ಗುಲಾಬಿ ಮರಳುಗಲ್ಲು ಬೆಳಗಿನ ಎಳೆಬಿಸಿಲಲ್ಲೇ ಅರಳುವುದು. ಮಳೆ ಬಿದ್ದ ಮರುದಿನ ಅದರ ಬಣ್ಣ ಇನ್ನೂ ಆಳ.

ಹಂತ 5: ಪಾಸ್ ಅನ್ನು ಹವೆಗೆ ಹೊಂದಿಸಿ

2017ರಿಂದ ದರ ಹೀಗಿದೆ: ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸ್ ಅನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ಏಳು ದಿನದ್ದನ್ನು ಒಂದು ತಿಂಗಳೊಳಗೆ. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಜಡಿಮಳೆ ಹಿಡಿದ ದಿನ ಪಾಸ್ ಮುಟ್ಟದೆ ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ, ಮರುದಿನ ಮುಂದುವರಿಸಿ. ಒಂದು ದಿನದ ಪಾಸ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ, ಮಳೆಗಾಲಕ್ಕೆ ಅದನ್ನು ಕೊಳ್ಳಲೇಬೇಡಿ. ಸಂಜೆ 5ರ ಸುಮಾರಿಗೆ ಮರುದಿನದ ಪಾಸ್ ಕೊಂಡರೆ ಆ ಸಂಜೆಯ ಸೂರ್ಯಾಸ್ತಕ್ಕೂ ಬಿಡುತ್ತಾರೆ. ನವೆಂಬರ್ ಕೊನೆಯಲ್ಲಿ ಸೂರ್ಯ 5.35ಕ್ಕೇ ಮುಳುಗುವುದರಿಂದ ಆ ಕಾಲದಲ್ಲಿ ಈ ಉಪಾಯ ಅಷ್ಟು ಫಲಿಸದು, ಜುಲೈನಲ್ಲಿ ಚೆನ್ನಾಗಿ ನಡೆಯುತ್ತದೆ. ಬಾಖೆಂಗ್ ಬೆಟ್ಟದ ಮೇಲೆ ಒಮ್ಮೆಗೆ 300 ಜನರಿಗಷ್ಟೇ ಅವಕಾಶ. ಡಿಸೆಂಬರ್‌ನಲ್ಲಿ ನಾಲ್ಕರ ಮೊದಲೇ ಸಾಲಿನಲ್ಲಿರಬೇಕು.

ದಿನಚರಿ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಬೇಸಿಗೆಯಲ್ಲಿ 5ರಿಂದ 10, ಮತ್ತೆ 3.30ರಿಂದ ಮುಚ್ಚುವವರೆಗೆ, ನಡುವೆ ಕೋಣೆಯಲ್ಲಿ ಮಲಗಿ. ಮಳೆಗಾಲದಲ್ಲಿ ಬೆಳಿಗ್ಗೆಯಿಂದ 1ರವರೆಗೆ ಎಡೆಬಿಡದೆ ನೋಡಿ, ಸಂಜೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಚಳಿಗಾಲದಲ್ಲಿ ಹೊತ್ತಿನ ತೊಂದರೆಯಿಲ್ಲ, ಜನರದ್ದೇ ತೊಂದರೆ. ಗುಂಪುಗಳು ಬೆಳಿಗ್ಗೆ ಅಂಗ್ಕೋರ್ ವಾಟ್, ಒಂಬತ್ತಕ್ಕೆ ಬಾಯೊನ್, ಆಮೇಲೆ ತಾ ಪ್ರೋಮ್ ಎಂಬ ಕ್ರಮದಲ್ಲಿ ಸಾಗುತ್ತವೆ. ತಾ ಪ್ರೋಮ್ ತೆರೆಯುವ 7.30ಕ್ಕೇ ಅಲ್ಲಿರಿ, ಎಲ್ಲರೂ ಊಟಕ್ಕೆ ಹೋದ 12ಕ್ಕೆ ಬಾಯೊನ್‌ಗೆ ಬನ್ನಿ.

ದೂರದ ದೇಗುಲಗಳು

ಸಂಬೋರ್ ಪ್ರೇ ಕುಕ್, ಏಳನೆಯ ಶತಮಾನದ ಈಶಾನಪುರವೆಂಬ ರಾಜಧಾನಿ, ಕಾಡಿನ ನೆರಳಲ್ಲಿದೆ. ಬೇಸಿಗೆಯಲ್ಲಿ ಹೋಗಲೇಬೇಕಾದವರಿಗೆ ಅಂಗ್ಕೋರ್‌ಗಿಂತ ಇದು ಹಿತ. ಸುಮಾರು 36 ಮೀಟರ್ ಎತ್ತರದ ಮೆಟ್ಟಿಲು ಪಿರಮಿಡ್ ಇರುವ ಕೊಹ್ ಕೇರ್ ಸಿಯೆಮ್ ರೀಪ್‌ನಿಂದ ಎರಡೂವರೆ ಗಂಟೆಯ ದಾರಿ, ಒಣಗಾಲಕ್ಕೆ ಇಟ್ಟುಕೊಳ್ಳಿ. ಅಲ್ಲಿ ಕಾಲುದಾರಿ ಬಿಟ್ಟು ಪೊದೆಗೆ ಇಳಿಯಬಾರದು, ಯುದ್ಧಕಾಲದ ನೆಲಬಾಂಬುಗಳು ಈ ಪ್ರಾಂತ್ಯಗಳಲ್ಲಿ ಪೂರ್ತಿ ತೆರವಾಗಿಲ್ಲ. ದಾಂಗ್ರೇಕ್ ಬೆಟ್ಟದಂಚಿನ ಪ್ರೀಹ್ ವಿಹಾರ್ ನೋಟಕ್ಕೆ ನವೆಂಬರ್, ಡಿಸೆಂಬರ್ ಅತ್ಯುತ್ತಮ, ಆದರೆ ಅದಿರುವುದು ಥಾಯ್ ಗಡಿಯಲ್ಲಿ. 2025ರಲ್ಲಿ ಅಲ್ಲಿ ಸೈನಿಕ ಘರ್ಷಣೆ ನಡೆದು ಭೂಗಡಿ ಮುಚ್ಚಿತು. ಈ ಸಾಲಿನ ದೇಗುಲಗಳಿಗೆ ಋತುವಿಗಿಂತ ಮೊದಲು ಸುರಕ್ಷತೆಯ ಸುದ್ದಿ ನೋಡಿ, ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ದಾಟುವ ಯೋಜನೆ ಹಾಕಬೇಡಿ.

ಥಾಯ್ಲೆಂಡ್‌ನ ಬುರಿರಾಮ್‌ನಲ್ಲಿರುವ ಫನೊಮ್ ರುಂಗ್‌ಗೆ ದಿನವೇ ಮುಖ್ಯ. ಏಪ್ರಿಲ್ ಮತ್ತು ಸೆಪ್ಟೆಂಬರ್ ಮೊದಲ ಭಾಗದ ಕೆಲ ದಿನ ಮೂಡುಸೂರ್ಯ ಅದರ ಹದಿನೈದು ಬಾಗಿಲುಗಳನ್ನು ಒಂದೇ ಗೆರೆಯಲ್ಲಿ ಹಾಯುತ್ತಾನೆ. ಮಾರ್ಚ್ ಮತ್ತು ಅಕ್ಟೋಬರ್ ಆರಂಭದಲ್ಲಿ ಮುಳುಗುವ ಸೂರ್ಯ. ಲಾವೋಸ್‌ನ ವಾಟ್ ಫುಗೆ ಹೋಗುವವರು ಫೆಬ್ರವರಿ ಹುಣ್ಣಿಮೆಯ ಜಾತ್ರೆಗೆ ಹೊಂದಿಸಿಕೊಳ್ಳಬಹುದು.

ಚೀಲದಲ್ಲಿ ಏನಿರಬೇಕು

ಮಳೆಗಾಲಕ್ಕೆ ಕೊಡೆಗಿಂತ ರೇನ್‌ಕೋಟ್ ಮೇಲು, ಕಡಿದಾದ ಮೆಟ್ಟಿಲಲ್ಲಿ ಎರಡೂ ಕೈ ಬೇಕು. ಸವೆದ ಅಟ್ಟೆಯ ಚಪ್ಪಲಿ ಬೇಡ. ಪಾಚಿಗಟ್ಟಿದ ಮರಳುಗಲ್ಲು ಸಾಬೂನಿನಂತೆ ಜಾರುತ್ತದೆ, ಹತ್ತುವಾಗ ಅಲ್ಲ, ಇಳಿಯುವಾಗ. ಡೆಂಗಿ ಹಗಲು ಕಚ್ಚುವ ಸೊಳ್ಳೆಯಿಂದ ಬರುವುದರಿಂದ ಸೊಳ್ಳೆ ಮುಲಾಮನ್ನು ಬೆಳಿಗ್ಗೆಯೇ ಹಚ್ಚಿಕೊಳ್ಳಿ. ಒಣಗಾಲಕ್ಕೆ ಮೂಗು ಮುಚ್ಚಲು ಒಂದು ಬಟ್ಟೆ ಇರಲಿ. ಬೈಕ್ ಎಳೆಯುವ ತೆರೆದ ರೆಮೊರ್ಕ್ ಗಾಡಿಯಲ್ಲಿ ಬಂತೆಯ್ ಸ್ರೈವರೆಗೆ ಹೋಗಿಬಂದರೆ ಕೂದಲೆಲ್ಲ ಕೆಂಪು. ಊರಲ್ಲಿ ಸಿಗುವ ಚೌಕಳಿ ಕ್ರಮಾ ವಸ್ತ್ರ ಇದಕ್ಕೆ ಹೇಳಿಮಾಡಿಸಿದ್ದು. ಬೇಸಿಗೆಯಲ್ಲಿ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್.

ಕ್ಯಾಮೆರಾ ಇದ್ದವರು ಒಂದು ಮಾತು ನೆನಪಿಡಿ. ರಾತ್ರಿಯಿಡೀ ಏಸಿ ಕೋಣೆಯಲ್ಲಿ ತಣ್ಣಗಾದ ಲೆನ್ಸನ್ನು ಹೊರಗಿನ ತೇವದ ಗಾಳಿಗೆ ಹಿಡಿದ ಕೂಡಲೇ ಗಾಜು ಮಂಜಾಗುತ್ತದೆ, ಸೂರ್ಯೋದಯ ಮುಗಿಯುವವರೆಗೂ ಬಿಡುವುದಿಲ್ಲ. ಮಲಗುವಾಗಲೇ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಸ್ನಾನದ ಮನೆಯಲ್ಲಿಡಿ, ಹೊರಟ ಮೇಲೆ ಅರ್ಧ ಗಂಟೆ ಚೀಲ ತೆರೆಯಬೇಡಿ.